ರಸ್ತೆ ಯಾವ ಕಡೆ ಹೋಗಬೇಕೆಂದು ನಮ್ಮನ್ನು ಕೇಳಿದ್ದರು

ಹಾವೇರಿಯಿಂದ ರಾಣೇಬೆನ್ನೂರಿಗೆ ಹೋಗುವ ಹೆದ್ದಾರಿ ನಮ್ಮ ಮನೆಯ ಕಟ್ಟೆಯನ್ನು ಸವರಿಕೊಂಡೇ ಹೋಗುತ್ತಿತ್ತು. ಕಟ್ಟೆಯ ಮೇಲೆ ಕುಳಿತು ಕಾಲು ಇಳಿಬಿಟ್ಟರೆ ಲಾರಿಯ ಗಾಳಿ ಪಾದಕ್ಕೆ ಬಡಿಯುತ್ತಿತ್ತು. ಹೊರಗಿನವರಿಗೆ ಅದು ಪುಣೆ-ಬೆಂಗಳೂರು ರಸ್ತೆ, ನಮಗೆ ಬರೀ ಡಾಂಬರು. ಡಾಂಬರಿನ ಈಚೆಗೆ ಊರು, ಆಚೆಗೆ ನಾನು ಕಲಿಸುತ್ತಿದ್ದ ಪ್ರಾಥಮಿಕ ಶಾಲೆ, ಅದರಾಚೆ ಸರಕಾರ ಬಡವರಿಗೆ ಕಟ್ಟಿಸಿಕೊಟ್ಟ ಜನತಾ ಮನೆಗಳು. ತರಬೇತಿ ಮುಗಿಸಿ ಸ್ವಂತ ಊರಿನಲ್ಲೇ ನೌಕರಿ ಸಿಕ್ಕ ಹೊಸತು. ಇನ್ನೂ ಮದುವೆಯಾಗಿರಲಿಲ್ಲ. ಹಾವೇರಿಯೂ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ದೊಡ್ಡ ಕೆಲಸವೇನಾದರೂ ಇದ್ದರೆ ಧಾರವಾಡಕ್ಕೆ ಓಡಬೇಕಿತ್ತು.

ಮನೆಯ ಮುಂಭಾಗದಲ್ಲಿ ಅಪ್ಪನ ಗಿರಣಿ. ಒಂದು ಕಲ್ಲಿಗೆ ಜೋಳ, ಇನ್ನೊಂದಕ್ಕೆ ಮೆಣಸಿನಕಾಯಿ. ಬ್ಯಾಡಗಿ ಸೀಮೆಯ ಕಾಯಿ ಬಣ್ಣಕ್ಕೆ ಜೋರು, ನಾಲಿಗೆಗೆ ಮೆದು ಎನ್ನುತ್ತಾರೆ. ಆದರೂ ಬೇಸಿಗೆಯಲ್ಲಿ ವರ್ಷದ ಖಾರ ಬೀಸಿಸಲು ಜನ ಚೀಲ ಹೊತ್ತು ಬಂದಾಗ ಇಡೀ ಓಣಿ ಸೀನುತ್ತಿತ್ತು. ನಮ್ಮ ಮನೆಯ ಬೆನ್ನಿಗೇ ಅಪ್ಪನ ತಮ್ಮ ಕಾಕಾನ ಮನೆ. ಅಪ್ಪನಿಗೆ ಯಂತ್ರದ ಹುಚ್ಚು, ಕಾಕಾನಿಗೆ ಮಣ್ಣಿನ ಹುಚ್ಚು. ಅಜ್ಜ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಹಿರಿಯರನ್ನು ಯಾರನ್ನೂ ಕೂರಿಸದೆ ತಾವೇ ಹಿಸ್ಸೆ ಮಾಡಿಕೊಂಡರು. ಗಿರಣಿ ಮತ್ತು ರಸ್ತೆಯ ಕಡೆಯ ಮನೆ ಅಪ್ಪನಿಗೆ, ಊರ ಹಿಂದಿನ ಹೊಲ ಮತ್ತು ಬಾವಿ ಕಾಕಾನಿಗೆ. ಅವ್ವ ಮತ್ತು ಕಾಕಾನ ಹೆಂಡತಿ ಚಿಗವ್ವ ಒಡಹುಟ್ಟಿದ ಅಕ್ಕತಂಗಿಯರು, ಒಂದೇ ಹಂದರದಲ್ಲಿ ಮದುವೆಯಾಗಿ ಈ ಮನೆಗೆ ಬಂದವರು. ಹಿತ್ತಲು ಎರಡೂ ಮನೆಗೆ ಒಂದೇ. ಯಾವ ಮನೆಯಲ್ಲಿ ಒಳ್ಳೆಯ ಪಲ್ಯ ಆಗಿದೆಯೋ ಆ ಮನೆಯಲ್ಲಿ ನಾವು ಮಕ್ಕಳು ಊಟಕ್ಕೆ ಕೂರುತ್ತಿದ್ದೆವು.

ಮೊದಲು ಬಂದವರು ಮೂರು ಕಾಲಿನ ದುರ್ಬೀನಿನವರು. ರಸ್ತೆಯ ಅಂಚಿನಲ್ಲಿ ಅದನ್ನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕುತ್ತ ನಡೆದರು. ಅಪ್ಪ ಹೊರಗೆ ಬಂದು, "ಏನ್ರೀ ಇದು?" ಎಂದು ಕೇಳಿದ. "ಅಳತಿ" ಎಂದು ಒಬ್ಬ ಹೇಳಿ ಮುಂದಿನ ಗೋಡೆಗೆ ಹೋದ. ಒಂದಷ್ಟು ದಿನ ಊರಲ್ಲಿ ಅದೇ ಮಾತು. ರಸ್ತೆ ದೊಡ್ಡದಾಗುತ್ತದಂತೆ, ನಾಲ್ಕು ಗಾಡಿ ಒಮ್ಮೆಗೆ ಹೋಗುವಷ್ಟು. ಆಮೇಲೆ ಮಳೆ ಬಂತು, ಬಣ್ಣ ಮಾಸಿತು, ಮಾತೂ ನಿಂತಿತು.

ಆ ಮಳೆಗಾಲದಲ್ಲೇ ನನ್ನ ತರಗತಿಯ ಒಬ್ಬ ಹುಡುಗಿ ಶಾಲೆ ಬಿಟ್ಟು ಡಾಂಬರು ದಾಟುವಾಗ ಲಾರಿಗೆ ಸಿಕ್ಕಿ ಸತ್ತಳು. ಅವಳ ಸ್ಲೇಟಿನ ಚೀಲವನ್ನು ಗಟಾರದ ಪಕ್ಕದಿಂದ ಎತ್ತಿ ತಂದವಳು ನಾನೇ. ಊರಿನವರು ಅಂದು ಸಂಜೆಯವರೆಗೆ ರಸ್ತೆಗೆ ಅಡ್ಡ ಕುಳಿತರು. ಪೊಲೀಸರು ಬಂದು, ಮೇಲಿನವರಿಗೆ ತಿಳಿಸುತ್ತೇವೆಂದು ಹೇಳಿ ಎಬ್ಬಿಸಿದರು.

ಹಾಗಾಗಿ ಕೆಲವು ತಿಂಗಳ ಮೇಲೆ ಊರಲ್ಲಿ ಡಂಗುರ ಸಾರಿ, ಹೆದ್ದಾರಿಯ ಅಧಿಕಾರಿಗಳು ಶಾಲೆಗೆ ಬರುತ್ತಾರೆ, ರಸ್ತೆಯ ಬಗ್ಗೆ ಜನರ ಅಭಿಪ್ರಾಯ ಕೇಳುತ್ತಾರೆ ಎಂದಾಗ ನಾವು ನಂಬಿದ್ದು ತಪ್ಪಲ್ಲ. ಸರಕಾರ ನಮ್ಮಿಂದ ಕಂದಾಯ ಕೇಳಿತ್ತು, ಓಟು ಕೇಳಿತ್ತು. ನಿಮಗೇನು ಅನ್ನಿಸುತ್ತದೆ ಎಂದು ಕೇಳಿದ್ದು ಅದೇ ಮೊದಲು. ಆ ಸಂಜೆ ಹಿತ್ತಲಲ್ಲಿ ಅಪ್ಪ, ಕಾಕಾ ಇಬ್ಬರೂ ಕುಳಿತು ಏನು ಹೇಳಬೇಕೆಂದು ಗಟ್ಟಿ ಮಾಡಿಕೊಂಡರು.

"ಸಾಲಿ ಮುಂದ ರಸ್ತಾದ ಮ್ಯಾಲ ಉಬ್ಬು ಹಾಕ್ರಿ ಅನ್ನೂಣು," ಎಂದ ಅಪ್ಪ. "ಮಳಿ ನೀರು ಮನಿಯೊಳಗ ಬರಲಾರ್ದಂಗ ಗಟಾರ."

"ಹೊಲದಿಂದ ಚಕ್ಕಡಿ ಬರಾಕ ದಾರಿ ಬಿಡಬೇಕಂತ ಹೇಳು," ಎಂದ ಕಾಕಾ. "ನೀನ ಮಾತಾಡು ಅಣ್ಣಾ. ನಾಕ ಮಂದ್ಯಾಗ ನನಗ ಬಾಯಿ ಬರೂದಿಲ್ಲ. ನಾ ನಿನ್ನ ಬಾಜೂಕ ನಿಂತಿರ್ತೇನಿ."

ಅವ್ವ ಅಷ್ಟು ದೂರದಿಂದ ಬರುವ ಸಾಹೇಬರಿಗೆ ಉಪ್ಪಿಟ್ಟು ಮಾಡಬೇಕೋ ಅವಲಕ್ಕಿಯೋ ಎಂಬ ಚಿಂತೆಯಲ್ಲಿದ್ದಳು. ಚಿಗವ್ವ ಅವಲಕ್ಕಿ ಎಂದಳು, ಅವಲಕ್ಕಿಯೇ ಆಯಿತು.

ಸಭೆಯ ದಿನ ನಾನು ಮಕ್ಕಳಿಗೆ ಬೇಗ ರಜೆ ಕೊಟ್ಟು ದೊಡ್ಡ ಕೋಣೆ ಗುಡಿಸಿಸಿದೆ. ಜನ ಕಿಟಕಿಯವರೆಗೂ ತುಂಬಿದರು. ಹೆಂಗಸರು ಬಾಗಿಲ ಹೊರಗೆ ನಿಂತರು. ಬಂದ ಎಂಜಿನಿಯರ್ ದಕ್ಷಿಣದ ಕಡೆಯವರು, ನಡುವಯಸ್ಸಿನ ಸೌಮ್ಯ ಮನುಷ್ಯ. ಅವಲಕ್ಕಿ ತಿಂದು ಚೆನ್ನಾಗಿದೆ ಎಂದರು. ಎದ್ದು ನಿಂತು, "ಇದು ನಿಮ್ಮ ರಸ್ತೆ. ನಿಮ್ಮನ್ನ ಕೇಳದೆ ನಾವು ಏನೂ ಮಾಡೋದಿಲ್ಲ," ಎಂದಾಗ ಜನ ಚಪ್ಪಾಳೆ ತಟ್ಟಿದರು. ಅಪ್ಪ ಮುಂದೆ ಬಂದು, ಮನೆಯಲ್ಲಿ ಗಟ್ಟಿ ಮಾಡಿಕೊಂಡಿದ್ದನ್ನು ಒಂದೊಂದಾಗಿ ಹೇಳಿದ. ಕಾಕಾ ಪಕ್ಕದಲ್ಲೇ ನಿಂತು ತಲೆಯಾಡಿಸಿದ.

ಎಂಜಿನಿಯರ್ ತಾಳ್ಮೆಯಿಂದ ಕೇಳಿಸಿಕೊಂಡರು. "ಅದೆಲ್ಲ ಆಮೇಲಿನ ಮಾತು ಯಜಮಾನ್ರೇ. ಮೊದಲು ರಸ್ತೆ ಎಲ್ಲಿ ಹೋಗಬೇಕು ಅನ್ನೋದು ಗೊತ್ತಾಗಬೇಕಲ್ಲ," ಎಂದು ಕರಿಹಲಗೆಯ ಮೇಲೆ ಒಂದು ನಕ್ಷೆ ಅಂಟಿಸಿದರು. ಅದರಲ್ಲಿ ಎರಡು ಗೆರೆ. ಕೆಂಪು ಗೆರೆ ಈಗಿನ ರಸ್ತೆಯ ಮೇಲೆಯೇ ಇತ್ತು. ಅದನ್ನು ಆರಿಸಿದರೆ ರಸ್ತೆ ಅಗಲವಾಗಿ ಊರಿನ ಕಡೆಯ ಮನೆಸಾಲು ಹೋಗುತ್ತದೆ. ನೀಲಿ ಗೆರೆ ಊರ ಹಿಂದಿನಿಂದ, ಹೊಲಗಳ ನಡುವೆ ಬಳಸಿಕೊಂಡು ಹೋಗುತ್ತಿತ್ತು. ಅದನ್ನು ಆರಿಸಿದರೆ ಮನೆ ಉಳಿಯುತ್ತದೆ, ಹೊಲ ಹೋಗುತ್ತದೆ. "ಯಾವುದು ಬೇಕು, ನೀವೇ ಹೇಳಿ," ಎಂದು ಅವರು ಕುರ್ಚಿಯಲ್ಲಿ ಕುಳಿತರು.

ಕೋಣೆಯಲ್ಲಿ ಎಲ್ಲರೂ ನಕ್ಷೆಯಲ್ಲಿ ತಮ್ಮ ತಮ್ಮ ಜಾಗ ಹುಡುಕುತ್ತಿದ್ದರು.

ಅಪ್ಪನೇ ಮೊದಲು ಬಾಯಿಬಿಟ್ಟ. "ಸಾಹೇಬ್ರ, ಊರಾಗಿಂದ ಬ್ಯಾಡ್ರಿ. ಮನಿ ಮಠ ಬೀಳ್ತಾವ. ಹೊರಗಿಂದ ಒಯ್ರಿ."

ಕಾಕಾ ಅಪ್ಪನ ಮುಖ ನೋಡಿದ. "ಹೊರಗ ಅಂದ್ರ ಎಲ್ಲಿ ಅಣ್ಣಾ? ಅಲ್ಲಿರೂದು ನನ್ನ ಹೊಲ."

"ಹೊಲಕ್ಕ ಪರಿಹಾರ ಕೊಡ್ತಾರ. ಮತ್ತೊಂದ ಕಡೆ ತೊಗೊಂಡ್ರಾತು."

"ಗಿರಣಿಗೂ ಕೊಡ್ತಾರ. ಗಿರಣಿ ಎಲ್ಲಿ ಬೇಕಾದಲ್ಲಿ ಇಟಗೋಬಹುದು. ಬಾಂವಿ ಹೊತಗೊಂಡು ಹೋಗಾಕ ಬರತೈತೇನು?"

"ಆ ಬಾಂವಿ ನೀ ಒಬ್ಬಾವನ ತೋಡಿಯೇನು? ನಾನೂ ಮಣ್ಣು ಹೊತ್ತೇನಿ."

ನಾಲ್ಕು ಮಂದಿಯಲ್ಲಿ ಬಾಯಿ ಬರುವುದಿಲ್ಲ ಎಂದಿದ್ದ ಕಾಕಾ ಎಲ್ಲರಿಗೂ ಕೇಳುವಂತೆ ಹೇಳಿದ, "ಹಿಸ್ಸೆ ಆದ ದಿನದಿಂದ ನಿನ್ನ ಕಣ್ಣು ಆ ಬಾಂವಿ ಮ್ಯಾಲ ಐತಿ. ಇವತ್ತ ಸರಕಾರದ ಕಡಿಂದ ಮುಚ್ಚಸಾಕ ನಿಂತೀದಿ."

ಅಲ್ಲಿಂದ ಮುಂದೆ ಕೋಣೆ ಕೋಣೆಯಾಗಿ ಉಳಿಯಲಿಲ್ಲ. ರಸ್ತೆಯ ಪಕ್ಕ ಮನೆ ಇದ್ದವರೆಲ್ಲ ಅಪ್ಪನ ಹಿಂದೆ ಬಂದರು, ಹಿಂದೆ ಹೊಲವಿದ್ದವರು ಕಾಕಾನ ಹಿಂದೆ. ಎಂದೋ ತೀರಿಹೋಗಿದ್ದ ಬದುವಿನ ಜಗಳ, ಮದುವೆಯಲ್ಲಾದ ಅವಮಾನ, ಸಾಲದ ಮಾತು ಎಲ್ಲವೂ ನಕ್ಷೆಯ ಮುಂದೆ ಬಂದವು. ನಮ್ಮೂರಲ್ಲಿ ಇಷ್ಟು ಸಿಟ್ಟು ಇತ್ತೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಎಂಜಿನಿಯರ್ ಮುಖ ಸಣ್ಣದಾಗಿತ್ತು. ಬಾಗಿಲ ಕಡೆ ತಿರುಗಿ, "ಹೆಣ್ಣುಮಕ್ಕಳೂ ಹೇಳಿ, ನಿಮ್ಮ ಅಭಿಪ್ರಾಯವೂ ಬೇಕು," ಎಂದರು. ಮಾತು ಬೇರೆ ಕಡೆ ಹೋಗಲಿ ಎಂದು ಇರಬೇಕು.

ಅವ್ವ, ಚಿಗವ್ವ ಒಬ್ಬರ ಪಕ್ಕ ಒಬ್ಬರು ನಿಂತಿದ್ದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಚಿಗವ್ವ ಒಂದು ಹೆಜ್ಜೆ ಒಳಗೆ ಬಂದು ಕೇಳಿದಳು, "ನೀವ ಕೂತು ಗೆರಿ ಹೊಡದಿದ್ರ ಆಗ್ತಿದ್ದಿಲ್ಲೇನ್ರಿ ಸಾಹೇಬ್ರ? ನಮ್ಮನ್ನ ಯಾಕ ಕೇಳಿದ್ರಿ?"

"ಜನರನ್ನ ಕೇಳಿಯೇ ಮಾಡಬೇಕು ಅಂತ ನಿಯಮ ಇದೆಯಮ್ಮ," ಎಂದರು ಅವರು. ಕೈ ಎತ್ತಿಸಿದರು. ಎರಡು ಕಡೆಯೂ ಹೆಚ್ಚುಕಡಿಮೆ ಸಮವಾಗಿತ್ತು. "ಎರಡೂ ಅಭಿಪ್ರಾಯ ಮೇಲಕ್ಕೆ ಕಳಿಸ್ತೀವಿ," ಎಂದು ನಕ್ಷೆ ಸುತ್ತಿಕೊಂಡು ಜೀಪು ಹತ್ತಿದರು. ಅವರನ್ನು ಬೀಳ್ಕೊಡಲು ಯಾರೂ ಹೊರಗೆ ಬರಲಿಲ್ಲ. ನಾನು ಕೋಣೆಗೆ ಬೀಗ ಹಾಕಿ ಡಾಂಬರು ದಾಟಿ ಮನೆಗೆ ಬಂದೆ. ಅಪ್ಪ ಗಿರಣಿ ಶುರು ಮಾಡಿದ್ದ. ಬೀಸುವುದಕ್ಕೆ ಕಾಳೇ ಇರಲಿಲ್ಲ.

ಆಮೇಲೆ ಊರಲ್ಲಿ ಎರಡು ಊರಾದವು. ರೋಡಿನವರು, ಹೊಲದವರು. ರೋಡಿನವರು ಹೊಲದವರ ಹೊಲಕ್ಕೆ ಕೂಲಿಗೆ ಹೋಗುವುದನ್ನು ಬಿಟ್ಟರು. ಹೊಲದವರು ರೋಡಿನವರ ಅಂಗಡಿಯಲ್ಲಿ ಬೆಂಕಿಪೊಟ್ಟಣವನ್ನೂ ಕೊಳ್ಳಲಿಲ್ಲ. ಆ ಬೇಸಿಗೆಯಲ್ಲಿ ಹೊಲದವರ ಮೆಣಸಿನಕಾಯಿ ಅಪ್ಪನ ಗಿರಣಿಗೆ ಬರಲಿಲ್ಲ. ಚಿಗವ್ವ ತನ್ನ ಮನೆಯ ಖಾರದ ಚೀಲ ಹೊತ್ತು, ನಮ್ಮ ಗಿರಣಿಯ ಮುಂದೆಯೇ ಬಸ್ಸಿಗೆ ಕಾದು ನಿಂತು, ಪಕ್ಕದೂರಿಗೆ ಹೋಗಿ ಬೀಸಿಸಿಕೊಂಡು ಬಂದಳು. ಬಸ್ಸು ಬರಲು ತಡವಾಗಿತ್ತು. ಅಷ್ಟು ಹೊತ್ತೂ ಅವಳು ರಸ್ತೆಯನ್ನೇ ನೋಡುತ್ತಿದ್ದಳು, ಅಪ್ಪ ಒಳಗೆ ಕಲ್ಲಿಗೆ ಉಳಿ ಹೊಡೆಯುತ್ತಿದ್ದ.

ಆ ಸಂಜೆ ಹಿತ್ತಲಲ್ಲಿ ಅವ್ವ ತಂಗಿಗೆ, "ನಿನ್ನ ಗಂಡ ನಮ್ಮ ಹೊಟ್ಟಿ ಮ್ಯಾಲ ಹೊಡದ," ಎಂದಳು. ಚಿಗವ್ವ ಮಾರನೆಯ ದಿನದಿಂದ ಹಿತ್ತಲ ನಳ ಬಿಟ್ಟು ಓಣಿಯ ತುದಿಯ ಬೋರಿಂಗಿಗೆ ಕೊಡ ತೆಗೆದುಕೊಂಡು ಹೋಗತೊಡಗಿದಳು.

ತೀರ್ಮಾನ ಏನಾಯಿತೆಂದು ತಿಳಿಯಲು ಎರಡು ಕಡೆಯವರೂ ಕಚೇರಿಗೆ ಅಲೆದರು. ಅಪ್ಪನಿಗೆ ಬಿ.ಪಿ. ಶುರುವಾಗಿತ್ತು, ಹಾಗಾಗಿ ಒಂದು ಸಲ ಹಾವೇರಿಗೆ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಕಾಕಾ ಕುಳಿತಿದ್ದ. ಅವನೂ ಅಲ್ಲಿಗೇ ಹೊರಟಿದ್ದ. ಕಚೇರಿಯಲ್ಲಿ ಸಾಹೇಬರು ಇರಲಿಲ್ಲ. ಪಡಸಾಲೆಯಲ್ಲಿ ಕೂರಲು ಒಂದೇ ಬೆಂಚು. ಅಪ್ಪ ಆ ತುದಿಗೆ, ಕಾಕಾ ಈ ತುದಿಗೆ, ನಡುವೆ ನಾನು. ಮಧ್ಯಾಹ್ನವಾಯಿತು. ಕಾಕಾ ಬುತ್ತಿ ಬಿಚ್ಚಿ ಒಂದು ರೊಟ್ಟಿ, ಶೇಂಗಾ ಚಟ್ನಿ ನನ್ನ ಕೈಗೆ ಕೊಟ್ಟ. "ತಿನ್ನು ಮಗಳ," ಎಂದ. ನಾನು ಅರ್ಧ ಮುರಿದು ಅಪ್ಪನ ಕಡೆ ಚಾಚಿದೆ. ಅಪ್ಪ ಬೇಡವೆಂದು ತಲೆಯಾಡಿಸಿ ಎದ್ದು ನೀರು ಕುಡಿಯಲು ಹೋದ. ಕಾಕಾ ನಾನು ಹಿಡಿದಿದ್ದ ಆ ಅರ್ಧ ರೊಟ್ಟಿಯನ್ನೇ ನೋಡುತ್ತಿದ್ದ. ಆಮೇಲೆ ಅವನೂ ತಿನ್ನದೆ ಬುತ್ತಿ ಕಟ್ಟಿದ.

ಸಂಜೆ ಒಬ್ಬ ಗುಮಾಸ್ತ ಹೊರಗೆ ಬಂದು, ಕಡತ ಬೆಂಗಳೂರಿಗೆ ಹೋಗಿದೆ, ಅಲ್ಲಿಂದ ದಿಲ್ಲಿಗೆ ಹೋಗಬೇಕು ಎಂದ. ಇಬ್ಬರೂ ಅದೇ ಬಸ್ಸಿಗೆ ಹಿಂದಿರುಗಿದರು, ಒಬ್ಬ ಮುಂದೆ, ಒಬ್ಬ ಹಿಂದೆ.

ವರ್ಷ ಕಳೆದವು. ರಸ್ತೆಯ ಸುದ್ದಿಯೇ ಇಲ್ಲ. ನನ್ನ ಮದುವೆ ರಾಣೇಬೆನ್ನೂರಿನವರೊಂದಿಗೆ ಆಯಿತು. ಚಿಗವ್ವ ಬಂದು ಅಕ್ಕಿಕಾಳು ಹಾಕಿ, ಊಟ ಮಾಡದೆ ಹೋದಳು. ಕಾಕಾ ಬರಲಿಲ್ಲ. ನಾನು ಊರ ಶಾಲೆಯ ಕೆಲಸ ಬಿಡಲಿಲ್ಲ, ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡುತ್ತಿದ್ದೆ. ಒಂದು ದಿನ ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಕಂಡ. ದವಾಖಾನೆಗೆ ಬಂದಿದ್ದನಂತೆ. ಅಂಗಿ ಮೈಮೇಲೆ ಜೋತು ಬಿದ್ದಿತ್ತು, ಕಣ್ಣು ಹಳದಿಯಾಗಿದ್ದವು.

"ಅಣ್ಣ ಹೆಂಗದಾನ?" ಎಂದು ಕೇಳಿದ.

"ಆರಾಮ ಅದಾನ ಕಾಕಾ."

"ಖಾರದ ಕಲ್ಲು ಹೊಸಾದು ಹಾಕ್ಸ್ಯಾನೇನು? ಸಪ್ಪಳ ಬ್ಯಾರೆ ಬರಾಕತ್ತೈತಿ."

ಹೌದೆಂದೆ. ಗೋಡೆಯ ಆಚೆ ಮಲಗಿಕೊಂಡು ಅವನು ದಿನವೂ ಆ ಸಪ್ಪಳ ಕೇಳುತ್ತಿದ್ದ. "ಬಂದು ಮಾತಾಡ್ಸು ಕಾಕಾ," ಎಂದೆ. "ನೋಡೂಣು," ಎಂದ. ಮರುದಿನ ಅಪ್ಪನಿಗೆ ಎಲ್ಲವನ್ನೂ ಹೇಳಿ, ಹೋಗಿ ನೋಡಿಕೊಂಡು ಬಾ ಎಂದೆ. "ಮಂದ್ಯಾಗ ಅಂದಾಂವ ಅಂವಾ. ಅಂವಾ ಬರ್ಲಿ," ಎಂದ ಅಪ್ಪ.

ಕಾಕಾ ದಸರೆಗೆ ಮುಂಚೆ ಹೋದ. ಅಳುವಿನ ಸದ್ದು ಕೇಳಿದಾಗ ಅಪ್ಪ ಗಿರಣಿಯಲ್ಲಿದ್ದ. ಬೆಲ್ಟು ಇಳಿಸಿ, ಕಲ್ಲು ಪೂರಾ ನಿಲ್ಲುವವರೆಗೆ ಅಲ್ಲೇ ನಿಂತಿದ್ದು, ಹಿಟ್ಟಿನ ಮೈಯಲ್ಲೇ ಹಿತ್ತಲಿಂದ ಆ ಮನೆಗೆ ಹೋದ. ಹೊಲದಲ್ಲೇ, ಬಾವಿಯಿಂದ ಅನತಿ ದೂರದಲ್ಲಿ ಕಾಕಾನನ್ನು ಮಣ್ಣು ಮಾಡಿದರು. ಹಿರಿಯನಾದ ಅಪ್ಪನೇ ಮೊದಲ ಹಿಡಿ ಮಣ್ಣು ಹಾಕಬೇಕಾಯಿತು. ಹಾಕಿ, ಎರಡನೆಯ ಹಿಡಿ ತುಂಬಿಕೊಂಡು ಹಾಗೆಯೇ ನಿಂತುಬಿಟ್ಟ. ಯಾರೋ ಅವನ ಮುಷ್ಟಿ ಬಿಡಿಸಿ ಈಚೆಗೆ ಕರೆತಂದರು.

ಹಾವೇರಿ ಜಿಲ್ಲೆಯಾದ ಮೇಲೆ, ಆ ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ನಾನು ಬಸ್ಸಿಳಿದಾಗ ಶಾಲೆಯ ಹಿಂದೆ ಜನ ಸೇರಿದ್ದರು. ಬೇರೆ ಎಂಜಿನಿಯರ್, ಹೊಸ ದುರ್ಬೀನು. ಜನತಾ ಮನೆಗಳ ನಡುವೆ ಬಿಳಿ ಕಲ್ಲು ನೆಡುತ್ತಿದ್ದರು. ಹೊಸ ರಸ್ತೆ ಡಾಂಬರಿನ ಆಚೆ ಕಡೆಯಿಂದ, ಶಾಲೆಯ ಬೆನ್ನಿಗೆ, ಆ ಮನೆಗಳ ಮೇಲೆ ಹಾದು ಹೋಗುವುದಿತ್ತು. ಕೆಂಪು ಗೆರೆಯೂ ಇಲ್ಲ, ನೀಲಿ ಗೆರೆಯೂ ಇಲ್ಲ. ಸುದ್ದಿ ಮುಟ್ಟಿದ ಕೂಡಲೇ ಅಪ್ಪ ಬರಿಗಾಲಲ್ಲೇ ಬಂದ.

"ಇಲ್ಲಿ ಯಾಕ್ರಿ?" ಎಂದು ಕೇಳಿದ. "ಇಲ್ಲಿದು ಮಾತ ಆಗಿದ್ದಿಲ್ಲಲ್ರಿ. ನಮ್ಮ ಸಾಲ್ಯಾಗ ಸಭಾ ಮಾಡಿ ಕೇಳಿದ್ರಿ, ನಾವು ಹೇಳಿದ್ವಿ."

ಎಂಜಿನಿಯರ್ ಹುಡುಗ ವಯಸ್ಸಿನವನು. "ಯಾವ ಸಭೆ?" ಎಂದ. ಅಪ್ಪ ವಿವರಿಸಿದ. "ಅದು ಹಳೇ ಯೋಜನೆ ಇರಬೇಕು. ಅದು ಯಾವಾಗಲೋ ರದ್ದಾಗಿದೆ. ಈ ಕಡೆಯಿಂದಾದರೆ ರಸ್ತೆ ನೆಟ್ಟಗೆ ಬರುತ್ತೆ," ಎಂದು ದುರ್ಬೀನಿಗೆ ಕಣ್ಣು ಹಚ್ಚಿದ.

ಕಲ್ಲು ನೆಟ್ಟ ಅಂಗಳದ ಹೆಂಗಸೊಬ್ಬಳು, ನನ್ನ ಇಬ್ಬರು ವಿದ್ಯಾರ್ಥಿಗಳ ತಾಯಿ, ನನ್ನ ಹತ್ತಿರ ಬಂದಳು. "ಅಕ್ಕೋರ, ನಮ್ಮನ್ನ ಯಾರೂ ಕೇಳಲಿಲ್ಲಲ್ರಿ?" ಎಂದಳು. ಅಂದಿನ ಸಭೆಗೆ ಜನತಾ ಮನೆಗಳಿಂದ ಯಾರೂ ಬಂದಿರಲಿಲ್ಲ. ನಕ್ಷೆಯಲ್ಲಿ ಅವರ ಕಡೆ ಗೆರೆಯೇ ಇರದಿದ್ದಾಗ ಅವರನ್ನು ಕರೆಯಬೇಕೆಂದು ನಮಗೂ ಹೊಳೆದಿರಲಿಲ್ಲ. ಕೇಳಿದ್ದರಿಂದ ನಮ್ಮ ಪಾಡು ಏನಾಯಿತೆಂದು ಅವಳಿಗೆ ಹೇಳಲು ನನ್ನಿಂದ ಆಗಲಿಲ್ಲ. "ಪಂಚಾಯ್ತಿಗೆ ಹೋಗಿ ಕೇಳ್ರಿ," ಎಂದೆ, ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ. ಮುಂದೆ ಆ ಮನೆಗಳು ಬಿದ್ದವು. ಕೆಲವರು ಹಲಗೇರಿಯ ಕಡೆ ನೆಂಟರ ಊರಿಗೆ ಹೋದರು, ಉಳಿದವರು ಎಲ್ಲಿಗೆ ಹೋದರೋ ತಿಳಿಯದು.

ಕಲ್ಲು ನೆಟ್ಟ ದಿನ ಮಧ್ಯಾಹ್ನ ಶಾಲೆ ಬಿಟ್ಟು ತವರುಮನೆಗೆ ಹೋದರೆ ಅಪ್ಪ ಚಿಗವ್ವನ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದ. ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಹಿತ್ತಲಲ್ಲಿ ನಿಂತಿದ್ದಳು, ಒಳಗೆ ಹೋಗಿರಲಿಲ್ಲ.

"ಹೊಲ ಹೋಗ್ತಿದ್ದಿಲ್ಲ," ಎಂದ ಅಪ್ಪ.

"ಹೌದ್ರಿ ಭಾವಾರ."

"ಗಿರಣೀನೂ ಹೋಗ್ತಿದ್ದಿಲ್ಲ."

ಚಿಗವ್ವ ರೊಟ್ಟಿ ಮಗುಚಿದಳು. ಅಪ್ಪ ಕೇಳಿದ, "ಕಡೀಕ ನನ್ನ ಬಗ್ಗೆ ಏನಾರ ಅಂದ್ನೇನು ಅಂವಾ?"

ಅವಳು ಒಂದು ಸುಳ್ಳು ಹೇಳಬಹುದಿತ್ತು, ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. "ಇಲ್ರಿ," ಎಂದಳು ಚಿಗವ್ವ. "ಏನೂ ಅನ್ನಲಿಲ್ಲ."

ಅಪ್ಪನಿಗೆ ಊಟಕ್ಕೆ ಹಾಕಿದಳು. ಅವನು ತಲೆ ತಗ್ಗಿಸಿ ಉಂಡ. ಅವ್ವ ಕೊನೆಗೂ ಒಳಗೆ ಬಂದು ತಂಗಿಯ ಪಕ್ಕ ಕುಳಿತು, "ಇನ್ನ ಮ್ಯಾಲ ಒಂದ ಒಲಿ ಮಾಡೂಣು ಬಾ," ಎಂದಳು. "ಈಗ ಯಾಕ ಅಕ್ಕಾ," ಎಂದು ಚಿಗವ್ವ ಹಿಟ್ಟಿನ ಕೈ ತೊಳೆಯಲು ಎದ್ದಳು. ಆ ಸುಗ್ಗಿ ಮುಗಿದ ಮೇಲೆ ಅವಳು ಮಕ್ಕಳ ಜೊತೆ ಹೊಲದ ಮನೆಗೇ ಹೋಗಿ ನೆಲೆಸಿದಳು. ಊರಿನ ಮನೆಗೆ ಬೀಗ ಬಿತ್ತು.